ಎಂಬಿರಾ ವಾದ್ಯವೂ ಅದರ ನೂತನ ಸಂತತಿಯೂ

೧

ವಾದ್ಯವೆಂಬುದು ಮರ, ಲೋಹ, ಚರ್ಮ, ತಂತಿಗಳ ಕೂಟಮಾತ್ರವೆಂದು ತಿಳಿಯಲಾಗದು. ಒಂದು ಜನಾಂಗದವರು ಯಾವ ಧ್ವನಿಗಳನ್ನು ಸ್ವರಗಳೆಂದು ಎಣಿಸಿದರು, ಯಾವುದನ್ನು ಮಧುರವೆಂದು ಕೇಳಿದರು, ಎರಡು ಕೈಗಳಿಗೆ ಯಾವ ಯಾವ ಕಾರ್ಯವನ್ನು ಹಂಚಿಕೊಟ್ಟರು ಎಂಬುದೆಲ್ಲವೂ ಅದರಲ್ಲಿ ಅಡಗಿರುವುದು. ಗ್ರಂಥರೂಪವಾದ ಸಂಗೀತಶಾಸ್ತ್ರವು ಬೆಳೆಯದ ನಾಡುಗಳಲ್ಲಿ ವಾದ್ಯವೇ ಲಕ್ಷಣಗ್ರಂಥದ ಸ್ಥಾನದಲ್ಲಿ ನಿಲ್ಲುತ್ತದೆ. ಆದುದರಿಂದ ಅಂತಹ ವಾದ್ಯವೊಂದನ್ನು ನೋಡಿ ಮತ್ತೊಬ್ಬರು ಹೊಸ ವಾದ್ಯವನ್ನು ಕಟ್ಟಿದಾಗ ಅದು ಶಿಲ್ಪಿಯ ಕೈಚಳಕದ ವಿಷಯವಾಗಿ ಮಾತ್ರ ಉಳಿಯದೆ, ಒಂದು ಕಾವ್ಯವನ್ನು ಬೇರೆ ಭಾಷೆಗೆ ಪರಿವರ್ತಿಸಿದಂತೆಯೇ ವಿಮರ್ಶೆಗೆ ಪಾತ್ರವಾಗುವುದು. ಮೂಲದಲ್ಲಿದ್ದುದರಲ್ಲಿ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು, ಬಿಟ್ಟುದು ತಿಳಿದು ಬಿಟ್ಟುದೋ ತಿಳಿಯದೆ ಬಿಟ್ಟುದೋ ಎಂದು ಕೇಳುವ ಅಧಿಕಾರವು ವಿಮರ್ಶಕನಿಗೆ ಉಂಟು.

ಇಪ್ಪತ್ತನೆಯ ಶತಮಾನದಲ್ಲಿ ಆಫ್ರಿಕಾಖಂಡದ ಪ್ರಾಚೀನವಾದ್ಯಗಳನ್ನು ಆಧರಿಸಿ ಹಲವು ನೂತನವಾದ್ಯಗಳು ಹುಟ್ಟಿದವು. ಅವುಗಳಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಟ್ರೇಸಿಯವರ ಕಲಿಂಬಾ, ಬುಲಾವಾಯೊ ನಗರದ ಕ್ವಾನೊಂಗೋಮಾ ಸಂಗೀತಶಾಲೆಯಲ್ಲಿ ರೂಪುಗೊಂಡ ಹದಿನೈದು ನಾಲಗೆಗಳ ಎಂಬಿರಾ ಮತ್ತು ಮರಿಂಬಾ, ಅಮೆರಿಕದಲ್ಲಿ ನಿರ್ಮಿತವಾದ ಗ್ರ್ಯಾವಿಕಾರ್ಡ್ ಎಂಬಿವು ಪರಿಶೀಲನೆಗೆ ಯೋಗ್ಯವಾದವು. ಇವನ್ನು ತೂಗುವುದಕ್ಕೆ ನಾಲ್ಕು ಅಂಗಗಳನ್ನು ಇಟ್ಟುಕೊಳ್ಳಬಹುದು: ವಾದ್ಯದ ಆಕಾರ ಮತ್ತು ದ್ರವ್ಯವೆಂಬ ಶರೀರ, ಅದರಿಂದ ಹೊರಡುವ ಧ್ವನಿಯ ಗುಣವೆಂಬ ನಾದ, ಸ್ವರಗಳು ಕೈಯ ಕೆಳಗೆ ಯಾವ ಅನುಪೂರ್ವಿಯಲ್ಲಿ ಜೋಡಿಸಲ್ಪಟ್ಟಿವೆ, ಅದರಿಂದ ಯಾವ ಬಗೆಯ ರಚನೆ ಸಾಧ್ಯವಾಗುತ್ತದೆ ಎಂಬ ಕ್ರಮ, ಯಾವ ಸಂದರ್ಭದಲ್ಲಿ ಯಾರಿಗಾಗಿ ನುಡಿಸಲ್ಪಡುತ್ತದೆ ಎಂಬ ವಿನಿಯೋಗ. ಈ ನಾಲ್ಕರಲ್ಲಿ ಶರೀರವು ಕಣ್ಣಿಗೆ ಮೊದಲು ಬೀಳುವುದು. ಆದರೆ ವಂಶವನ್ನು ನಿರ್ಣಯಿಸತಕ್ಕದ್ದು ಮುಖ್ಯವಾಗಿ ಕ್ರಮವೆಂಬುದೇ ಇಲ್ಲಿ ಪ್ರತಿಪಾದ್ಯವಾದ ವಿಷಯ.

೨

ಎಂಬಿರಾ ಎಂಬುದು ಜಿಂಬಾಬ್ವೆಯ ಶೋನಾ ಜನರ ವಾದ್ಯ. ಗಟ್ಟಿಮರದ ಹಲಗೆಯೊಂದರ ಮೇಲೆ ಚಪ್ಪಟೆಯಾಗಿ ಬಡಿದ ಕಬ್ಬಿಣದ ನಾಲಗೆಗಳನ್ನು ಸಾಲಾಗಿ ಇರಿಸಿ, ಅಡ್ಡಕಂಬಿಯೊಂದರಿಂದ ಬಿಗಿದಿರುತ್ತಾರೆ. ಪ್ರತಿಯೊಂದು ನಾಲಗೆಗೂ ಒಂದು ತುದಿ ಬದ್ಧ, ಇನ್ನೊಂದು ತುದಿ ಮುಕ್ತ. ಮುಕ್ತವಾದ ತುದಿಯನ್ನು ಬೆರಳಿನಿಂದ ಮೀಟಿದರೆ ಸ್ವರ ಹುಟ್ಟುತ್ತದೆ. ನಾಲಗೆ ನೀಳವಾದರೆ ಸ್ವರ ತಗ್ಗುವುದು, ಗಿಡ್ಡವಾದರೆ ಏರುವುದು. ಈ ಜಾತಿಯ ವಾದ್ಯ ಅರ್ವಾಚೀನವಲ್ಲ. ಜೋವಾಂ ದುಸ್ ಸಾಂತುಸ್ ಎಂಬ ಪೋರ್ಚುಗೀಸ್ ಪಾದ್ರಿಯು ೧೫೮೬ರಲ್ಲಿ ಆ ಸೀಮೆಯಲ್ಲಿ ಕಂಡ ಒಂಬತ್ತು ಕಬ್ಬಿಣದ ನಾಲಗೆಗಳ ವಾದ್ಯವನ್ನು ವರ್ಣಿಸಿರುವನು. ಅವನ ಗ್ರಂಥವು ೧೬೦೯ರಲ್ಲಿ ಅಚ್ಚಾಯಿತು.

ಭರತಮುನಿಯು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸಿದ್ದು ಸರ್ವವಿದಿತವಾದುದು. ಕಲ್ಕತ್ತೆಯ ರಾಜಾ ಸೌರೀಂದ್ರಮೋಹನ ಠಾಕೂರರು ೧೮೭೬ರಲ್ಲಿ ಬೆಲ್ಜಿಯಂ ದೇಶದ ದೊರೆಗೆ ಭಾರತೀಯ ವಾದ್ಯಗಳ ಸಂಗ್ರಹವನ್ನು ಕಳುಹಿಸಿದರು. ಬ್ರಸೆಲ್ಸ್ ನಗರದ ವಾದ್ಯಸಂಗ್ರಹಾಲಯದ ಮಹಿಯೋಂ ೧೮೮೦ರಲ್ಲಿ ಪ್ರಕಟಿಸಿದ ಚತುರ್ವಿಧ ವರ್ಗೀಕರಣವೂ, ಅದನ್ನು ಪರಿಷ್ಕರಿಸಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ೧೯೧೪ರಲ್ಲಿ ಸ್ಥಾಪಿಸಿದ ಪದ್ಧತಿಯೂ ಇದೇ ವಿಭಾಗವನ್ನು ಅನುಸರಿಸಿದವು. ಈ ಗಣನೆಯಂತೆ ಎಂಬಿರಾ ಘನವಾದ್ಯ. ಅದರಲ್ಲಿಯೂ ಕುಟ್ಟುವ ತಾಳದಂತಲ್ಲದೆ, ಮೋರ್ಸಿಂಗಿನಂತೆ ಮೀಟುವ ಘನವಾದ್ಯ. ಮೋರ್ಸಿಂಗಿಗೆ ನಾಲಗೆ ಒಂದೇ, ಎಂಬಿರಾಕ್ಕೆ ಹಲವು ಎಂಬುದು ಭೇದ.

ಶೋನಾ ಜನರ ಎಂಬಿರಾಗಳಲ್ಲಿ ಪ್ರಧಾನವಾದುದಕ್ಕೆ 'ಎಂಬಿರಾ ದ್ಜಾವದ್ಜಿಮು' ಎಂದು ಹೆಸರು. ವದ್ಜಿಮು ಎಂದರೆ ಪಿತೃಗಳು. ಆದುದರಿಂದ ಇದು ಪಿತೃಗಳ ಎಂಬಿರಾ. ಇದರಲ್ಲಿ ಸಾಮಾನ್ಯವಾಗಿ ೨೨ರಿಂದ ೨೮ ನಾಲಗೆಗಳು ಮೂರು ಪಂಕ್ತಿಗಳಲ್ಲಿ ಇರುವುವು. ಎಡಗಡೆಯ ಎರಡು ಪಂಕ್ತಿಗಳು ಎಡದ ಹೆಬ್ಬೆರಳಿಗೆ ಸೇರಿದವು. ಬಲಪಂಕ್ತಿಯ ಮೊದಲ ಕೆಲವು ನಾಲಗೆಗಳನ್ನು ಬಲದ ಹೆಬ್ಬೆರಳು ಮೇಲಿನಿಂದ ಒತ್ತಿ ಮೀಟುವುದು. ಉಳಿದವನ್ನು ತೋರುಬೆರಳು ಕೆಳಗಿನಿಂದ ಮೇಲಕ್ಕೆ ಮೀಟುವುದು. ಹಲಗೆಯ ಕೆಳಮೂಲೆಯ ರಂಧ್ರದಲ್ಲಿ ಕಿರುಬೆರಳನ್ನು ತೂರಿಸಿ ವಾದ್ಯವನ್ನು ಹಿಡಿಯುತ್ತಾರೆ. ನುಡಿಸುವಾಗ ಅದನ್ನು ದೊಡ್ಡ ಸೋರೆಬುರುಡೆಯೊಳಗೆ ನಿಲ್ಲಿಸುವುದರಿಂದ ಧ್ವನಿಯು ತುಂಬಿ ಬರುತ್ತದೆ.

ಇದರ ನಾದದಲ್ಲಿ ಗಮನಿಸತಕ್ಕದ್ದು ಝೇಂಕಾರ. ಹಲಗೆಗೂ ಬುರುಡೆಗೂ ಚಿಪ್ಪುಗಳನ್ನೋ ಸೀಸೆಯ ಮುಚ್ಚಳಗಳನ್ನೋ ಸಡಿಲವಾಗಿ ಕಟ್ಟಿರುತ್ತಾರೆ. ಸ್ವರ ಹೊರಟಾಗಲೆಲ್ಲ ಅವು ಅದುರಿ, ಸ್ವರದ ಸುತ್ತ ಒಂದು ಗುಂಯ್‌ಗುಟ್ಟುವಿಕೆಯನ್ನು ಹರಡುತ್ತವೆ. ಪಾಶ್ಚಾತ್ಯಸಂಗೀತದಲ್ಲಿ ಪಳಗಿದ ಕಿವಿಗೆ ಇದು ವಾದ್ಯದ ದೋಷವೆಂದು ತೋರುವುದು. ತಂಬೂರಿಯ ಕುದುರೆಯ ಮೇಲೆ ತಂತಿಗೆ ಅಡಿಯಾಗಿ ನೂಲೆಳೆಯನ್ನಿಟ್ಟು, ಝೇಂಕಾರ ಎದ್ದಮೇಲೆಯೇ ಶ್ರುತಿ ಸೇರಿತೆಂದು ಒಪ್ಪುವ ಕನ್ನಡಿಗನಿಗೆ ಹಾಗೆ ತೋರಬೇಕಾದುದಿಲ್ಲ. ಆ ನೂಲಿಗೆ ಜೀವಾಳವೆಂದು ಹೆಸರಿಟ್ಟವರು ಝೇಂಕಾರದ ಮರ್ಮವನ್ನು ಬಲ್ಲವರೇ.

ಕ್ರಮವನ್ನು ಕುರಿತು ಇನ್ನೂ ಹೇಳತಕ್ಕದ್ದುಂಟು. ಹನ್ನೆರಡು ಮಾತ್ರೆಗಳ ನಾಲ್ಕು ಪಾದಗಳು ಸೇರಿ ೪೮ ಮಾತ್ರೆಗಳ ಆವರ್ತವಾಗುವುದು ಈ ಸಂಗೀತದ ಪ್ರಸಿದ್ಧ ಬಂಧ. ಇಬ್ಬರು ಕೂಡಿ ನುಡಿಸುವಾಗ ಒಬ್ಬನು ಕುಶೌರಾ ಎಂಬ ಉಪಕ್ರಮಭಾಗವನ್ನೂ, ಇನ್ನೊಬ್ಬನು ಕುತ್ಸಿನ್ಹಿರಾ ಎಂಬ ಅನುಸರಣಭಾಗವನ್ನೂ ನುಡಿಸುತ್ತಾರೆ. ಅನೇಕ ಸಂದರ್ಭಗಳಲ್ಲಿ ಎರಡನೆಯವನ ಸ್ವರಗಳು ಮೊದಲನೆಯವನ ಸ್ವರಗಳ ನಡುವಣ ತೆರಪಿನಲ್ಲಿ ಬಂದು ಬೀಳುತ್ತವೆ. ಎರಡೂ ಹೆಣೆದುಕೊಂಡಾಗ, ಯಾವೊಬ್ಬನ ಕೈಯೂ ಪ್ರತ್ಯೇಕವಾಗಿ ನುಡಿಸದ ಮೂರನೆಯ ರಾಗಧಾರೆಯೊಂದು ಕೇಳುವವನ ಕಿವಿಯಲ್ಲಿ ಹುಟ್ಟುವುದು. ಪದಗಳಲ್ಲಿ ಇಲ್ಲದ ಅರ್ಥವು ಪದಸಂಯೋಗದಿಂದ ಹೊಳೆಯುವುದನ್ನು ಧ್ವನಿಯೆಂದು ಕರೆದ ಆಲಂಕಾರಿಕರಿಗೆ ಈ ವಿಷಯ ವಿಸ್ಮಯವನ್ನು ಉಂಟುಮಾಡದು. ನಾಲಗೆಗಳ ಜೋಡಣೆಯೂ ಎರಡು ಕೈಗಳ ವಿಭಾಗವೂ ಈ ಹೆಣಿಗೆಗೆ ಅನುಕೂಲವಾಗಿಯೇ ಏರ್ಪಟ್ಟಿವೆ. ಸ್ಥಾಯಿಯಲ್ಲಿ ಸ್ವರಗಳು ಏಳೇ ಆದರೂ ಅವುಗಳ ಅಂತರವು ಪಿಯಾನೋವಿನ ಅಂತರದಂತಲ್ಲ. ವಾದ್ಯಕಾರನಿಂದ ವಾದ್ಯಕಾರನಿಗೆ ಅದು ಭೇದವಾಗುವುದೂ ಉಂಟು.

ವಿನಿಯೋಗವನ್ನು ಹೇಳುವುದಾದರೆ, ಇರುಳೆಲ್ಲ ನಡೆಯುವ ಬೀರಾ ಎಂಬ ಉತ್ಸವದಲ್ಲಿ ಪಿತೃಗಳನ್ನು ಆಹ್ವಾನಿಸುವುದಕ್ಕೆ ಇದನ್ನು ನುಡಿಸುತ್ತಾರೆ. ಈ ಕಾರಣದಿಂದಲೇ ವಸಾಹತಿನ ಕಾಲದಲ್ಲಿ ಕ್ರೈಸ್ತ ಪಾದ್ರಿಗಳಲ್ಲಿ ಹಲವರು ಇದನ್ನು ನಿಂದಿಸಿದರು. ನೂತನವಾದ್ಯಗಳ ವಿಚಾರದಲ್ಲಿ ಈ ಸಂಗತಿಯನ್ನು ಮರೆಯಲಾಗದು. ಒಂದು ಕಡೆ ನಿಂದಿತವಾದ ವಾದ್ಯವೇ ಇನ್ನೊಂದು ಕಡೆ ರೂಪಾಂತರ ಹೊಂದಿ ಮನೆಮನೆಯ ವಿನೋದವಸ್ತುವಾಯಿತು.

೩

ಹ್ಯೂ ಟ್ರೇಸಿ (೧೯೦೩–೧೯೭೭) ಇಂಗ್ಲೆಂಡಿನಲ್ಲಿ ಹುಟ್ಟಿ, ತಾರುಣ್ಯದಲ್ಲಿಯೇ ದಕ್ಷಿಣ ರೊಡೇಷಿಯಕ್ಕೆ ಹೋಗಿ ಹೊಗೆಸೊಪ್ಪಿನ ಬೇಸಾಯದಲ್ಲಿ ತೊಡಗಿದವರು. ಹೊಲದಲ್ಲಿ ದುಡಿಯುವವರ ಹಾಡುಗಳಿಗೆ ಮನಸೋತು ಅವರ ಭಾಷೆಯನ್ನು ಕಲಿತು, ಮುಂದೆ ಆಫ್ರಿಕದ ಅನೇಕ ದೇಶಗಳಲ್ಲಿ ಸಂಚರಿಸಿ ಸಾವಿರಾರು ಗೀತಗಳನ್ನು ಧ್ವನಿಮುದ್ರಿಸಿದರು. ೧೯೫೪ರಲ್ಲಿ ಜೊಹಾನ್ಸ್‌ಬರ್ಗಿನ ಬಳಿಯ ರೂಡೆಪೋರ್ಟಿನಲ್ಲಿ ಆಫ್ರಿಕದ ಸಂಗೀತಕ್ಕಾಗಿ ಅಂತರರಾಷ್ಟ್ರೀಯ ಗ್ರಂಥಭಂಡಾರವನ್ನು ಸ್ಥಾಪಿಸಿದವರು ಅವರೇ. ಅದೇ ದಶಕದಲ್ಲಿ ಅವರು ಕಲಿಂಬಾ ಎಂಬ ವಾದ್ಯವನ್ನು ನಿರ್ಮಿಸಿ ಹೊರದೇಶಗಳಿಗೆ ಕಳುಹಿಸಲು ಆರಂಭಿಸಿದರು. ಇಂತಹ ಸಂಗ್ರಾಹಕನಿಗೆ ಮೂಲವಾದ್ಯದ ಜ್ಞಾನವಿರಲಿಲ್ಲವೆಂದು ಯಾರೂ ಹೇಳಲಾರರು. ಆದುದರಿಂದ ಅವರ ಕಲಿಂಬಾದಲ್ಲಿ ಬಿಟ್ಟುಹೋದುದೆಲ್ಲ ತಿಳಿದು ಬಿಟ್ಟುದೆಂದೇ ಎಣಿಸಬೇಕು.

ಕಲಿಂಬಾ ಎಂಬ ಹೆಸರೂ ವಿಚಾರಯೋಗ್ಯವಾಗಿದೆ. ಬಾಂಟು ಭಾಷೆಗಳಲ್ಲಿ 'ರಿಂಬ' ಅಥವಾ 'ಲಿಂಬ' ಎಂಬ ಪ್ರಕೃತಿಯು ಮರದ ಅಥವಾ ಲೋಹದ ಸ್ವರಫಲಕವನ್ನು ಸೂಚಿಸುವುದು. ರಕಾರ ಲಕಾರಗಳಿಗೆ ಭೇದವನ್ನೆಣಿಸದ ಸಂಸ್ಕೃತವೈಯಾಕರಣರ ಮಾತು ಅಲ್ಲಿಯೂ ಸಲ್ಲುವಂತಿದೆ. 'ಮ' ಎಂಬ ಉಪಸರ್ಗ ಬಹುತ್ವವನ್ನು ಹೇಳಿದರೆ ಮರಿಂಬಾ. 'ಕ' ಎಂಬುದು ಅಲ್ಪತ್ವವನ್ನು ಹೇಳಿದರೆ ಕಲಿಂಬಾ. ಹ್ಯೂ ಟ್ರೇಸಿಯವರ ಪುತ್ರರಾದ ಆಂಡ್ರ್ಯೂ ಟ್ರೇಸಿಯವರು ೧೯೭೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜಾಂಬೆಸಿ ನದಿಯ ಕಣಿವೆಯ ಅನೇಕ ವಾದ್ಯಗಳ ನಡುವೆ ಎಂಟು ನಾಲಗೆಗಳ ಒಂದು ಸಮಾನವಿನ್ಯಾಸ ಅಡಗಿರುವುದನ್ನು ತೋರಿಸಿ, ಅದೇ ಈ ವಂಶದ ಬೀಜವಾಗಿರಬಹುದೆಂದು ಊಹಿಸಿದರು. ಆ ಬೀಜವಿನ್ಯಾಸಕ್ಕೆ ಅವರು ಕೊಟ್ಟ ಹೆಸರೂ ಕಲಿಂಬಾ. ಹೀಗಿರಲು ತಂದೆಯವರ ವಾದ್ಯದಲ್ಲಿ ಹೆಸರು ಉಳಿದು ಆ ಹೆಸರಿನ ವಿನ್ಯಾಸ ಉಳಿಯದೆ ಹೋದುದು ಸೋಜಿಗವಾಗಿದೆ.

ಟ್ರೇಸಿಯವರ ಪ್ರಸಿದ್ಧವಾದ ಕಲಿಂಬಾದಲ್ಲಿ ನಾಲಗೆಗಳು ೧೭. ಬುರುಡೆಯ ಬದಲು ಮರದ ಪೆಟ್ಟಿಗೆ. ಚಿಪ್ಪು ಮುಚ್ಚಳಗಳಿಲ್ಲ, ಝೇಂಕಾರವಿಲ್ಲ. ಸ್ವರಗಳು ಶಂಕರಾಭರಣಮೇಳವನ್ನು ಹೋಲುವ ಪಾಶ್ಚಾತ್ಯ ಮೇಜರ್ ಶ್ರೇಣಿಗೆ ಸೇರಿದವು. ಅತಿಮಂದ್ರಸ್ವರವು ನಡುವೆ ಇದ್ದು, ಮುಂದಿನ ಸ್ವರಗಳು ಎಡಕ್ಕೊಂದು ಬಲಕ್ಕೊಂದರಂತೆ ಅಂಚಿನ ಕಡೆಗೆ ಏರುತ್ತ ಹೋಗುತ್ತವೆ. ಮಂದ್ರವನ್ನು ನಡುವೆ ಇಡುವ ಪದ್ಧತಿ ಆಫ್ರಿಕದ ಹಲವು ವಾದ್ಯಗಳಲ್ಲಿಯೂ ಇರುವುದರಿಂದ ಅದಷ್ಟನ್ನೇ ಆಕ್ಷೇಪಿಸುವುದು ನ್ಯಾಯವಲ್ಲ. ಆದರೆ ಈ ಸಮವಿಭಾಗದ ಫಲವೇನೆಂದು ನೋಡಬೇಕು. ಒಂದೇ ಪಕ್ಕದ ನೆರೆಹೊರೆಯ ನಾಲಗೆಗಳು ಒಂದೊಂದು ಸ್ವರವನ್ನು ದಾಟಿ ನಿಲ್ಲುತ್ತವೆ: ಷಡ್ಜದ ಪಕ್ಕದಲ್ಲಿ ಗಾಂಧಾರ, ಗಾಂಧಾರದ ಪಕ್ಕದಲ್ಲಿ ಪಂಚಮ. ಹೆಬ್ಬೆರಳನ್ನು ಒಮ್ಮೆ ಜಾರಿಸಿದರೆ ಸಾಕು, ಪಾಶ್ಚಾತ್ಯರ ಸ್ವರಮೈತ್ರಿಯು ಪ್ರಯತ್ನವಿಲ್ಲದೆ ಸಿದ್ಧವಾಗುತ್ತದೆ. ಎಂಬಿರಾದ ವಿನ್ಯಾಸವು ಎರಡು ಧಾರೆಗಳ ಹೆಣಿಗೆಗೆ ಕೈಯನ್ನು ಒಲಿಸುವಂತೆ ಈ ವಿನ್ಯಾಸವು ಸ್ವರಸಮೂಹದ ಏಕಕಾಲಿಕ ಉಚ್ಚಾರಣೆಗೆ ಒಲಿಸುತ್ತದೆ. ಕೈಗೆ ಸುಲಭವಾದುದೇ ಕ್ರಮೇಣ ಸಂಗೀತವಾಗುವುದು. ಆದುದರಿಂದ ಇಲ್ಲಿ ಬದಲಾದುದು ವಾದ್ಯದ ವ್ಯಾಕರಣವೇ.

ಈ ವಾದ್ಯದ ಗುಣಗಳನ್ನು ಮರೆಮಾಡುವುದೂ ಸರಿಯಲ್ಲ. ಶ್ರುತಿ ನಿಶ್ಚಿತವಾಗಿರುವುದರಿಂದ ಅದು ಇತರ ವಾದ್ಯಗಳೊಡನೆ ಸೇರುವುದು. ಗುರುವಿಲ್ಲದೆ ಒಂದು ಗಂಟೆಯಲ್ಲಿ ಹುಡುಗನೂ ಒಂದು ಧಾಟಿಯನ್ನು ಸಾಧಿಸುವನು. ಅಮೆರಿಕದ ಮಾರಿಸ್ ವೈಟ್ ಎಂಬ ಗಾಯಕರು ೧೯೭೦ರ ದಶಕದಲ್ಲಿ ತಮ್ಮ ವಾದ್ಯಮೇಳದಲ್ಲಿ ಇದನ್ನು ನುಡಿಸಿ ಲಕ್ಷಾಂತರ ಜನರ ಕಿವಿಗೆ ಮುಟ್ಟಿಸಿದರು. ಕಲಿಂಬಾ ಒಂದು ಒಳ್ಳೆಯ ವಾದ್ಯವೆಂಬುದು ನಿರ್ವಿವಾದ. ಅದನ್ನು ಎಂಬಿರಾದ ಸುಧಾರಿತರೂಪವೆಂದು ಕರೆಯುವುದು ಮಾತ್ರ ತಪ್ಪು. ಶರೀರದ ಪ್ರಧಾನಾಂಶವನ್ನು ತೆಗೆದುಕೊಂಡು ನಾದವನ್ನೂ ಕ್ರಮವನ್ನೂ ವಿನಿಯೋಗವನ್ನೂ ಬಿಟ್ಟುದಕ್ಕೆ ಸುಧಾರಣೆಯೆಂಬ ಪದ ಸಲ್ಲದು.

೪

ಬುಲಾವಾಯೊ ನಗರದಲ್ಲಿ ೧೯೬೦ರ ಸುಮಾರಿಗೆ ಕ್ವಾನೊಂಗೋಮಾ ಸಂಗೀತಶಾಲೆಯು ಸ್ಥಾಪಿತವಾಯಿತು. ಅಲ್ಲಿ ನಡೆದ ಎರಡು ಪ್ರಯತ್ನಗಳು ಕಲಿಂಬಾದ ಮಾರ್ಗಕ್ಕಿಂತ ಭಿನ್ನವಾದವು.

ಮೊದಲನೆಯದು ನ್ಯುಂಗಾ-ನ್ಯುಂಗಾ ಎಂಬ ಎಂಬಿರಾಭೇದ. ಮೊಜಾಂಬಿಕಿನ ತೇತೆ ಪ್ರಾಂತದಿಂದ ಈ ವಾದ್ಯವನ್ನು ತಂದು ಕಲಿಸಿದವರು ಜೇಗೆ ತಪೇರಾ. ಹದಿಮೂರು ನಾಲಗೆಗಳಿದ್ದ ವಾದ್ಯಕ್ಕೆ ಎರಡನ್ನು ಕೂಡಿಸಿ ಹದಿನೈದಾಗಿ ಮಾಡಲಾಯಿತು. ಇಲ್ಲಿ ಕೂಡಿಸಿದ್ದು ಇದ್ದ ಕ್ರಮದ ಅಂಚಿಗೆ ಹೊಂದುವಂತೆ. ಇದ್ದುದನ್ನು ಕಲಕಿ ಬೇರೆ ಮಾಡಿದ್ದಲ್ಲ. ತಪೇರಾ ಅವರ ಪರಂಪರೆಯಲ್ಲಿ ಕಲಿತ ಡುಮಿಸಾನಿ ಮರಾಯಿರೆ (೧೯೪೪–೧೯೯೯) ೧೯೬೮ರಲ್ಲಿ ಅಮೆರಿಕದ ಸಿಯಾಟಲ್ ನಗರದ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಧ್ಯಾಪನ ಮಾಡಿದರು. ನಾಲಗೆಗಳಿಗೆ ೧ರಿಂದ ೧೫ರವರೆಗೆ ಸಂಖ್ಯೆಗಳನ್ನು ಕೊಟ್ಟು ಅವರು ರೂಢಿಸಿದ ಸಂಕೇತಲಿಪಿಯು ದೂರದ ಶಿಷ್ಯರಿಗೆ ಉಪಕಾರಿಯಾಯಿತು. ಪಾಶ್ಚಾತ್ಯ ಸ್ವರಲಿಪಿಯು ಶ್ರುತಿಯನ್ನು ಬರೆಯುತ್ತದೆ. ಈ ಸಂಖ್ಯಾಲಿಪಿಯು ಕೈಯ ಚಲನೆಯನ್ನು ಬರೆಯುತ್ತದೆ. ಕ್ರಮವೇ ವಾದ್ಯದ ಪ್ರಾಣವೆಂದು ಬಲ್ಲವರಿಗೆ ಮಾತ್ರ ತೋಚುವ ಉಪಾಯವಿದು.

ಎರಡನೆಯದು ಮರಿಂಬಾ. ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಅಡಿಯಲ್ಲಿ ಅನುನಾದಕವನ್ನಿಟ್ಟು, ಕೋಲಿನಿಂದ ನುಡಿಸುವ ವಾದ್ಯವಿದು. ನೆರೆಯ ಮೊಜಾಂಬಿಕಿನ ಚೋಪಿ ಜನರ ತಿಂಬಿಲಾ, ಜಾಂಬಿಯದ ಲೋಜಿ ಜನರ ಸಿಲಿಂಬಾ ಎಂಬಿವು ಇದಕ್ಕೆ ಮಾದರಿಗಳು. ಶೋನಾ ಜನರಿಗಾಗಲಿ ಎನ್‌ಡೆಬೆಲೆ ಜನರಿಗಾಗಲಿ ವಿಶೇಷವಾಗಿ ಸೇರದ ವಾದ್ಯವೊಂದು ಬೇಕು, ಆಗ ಎರಡು ಕುಲದ ವಿದ್ಯಾರ್ಥಿಗಳೂ ಸಂಕೋಚವಿಲ್ಲದೆ ಕಲಿಯುವರು ಎಂಬುದೇ ಇದರ ಆಯ್ಕೆಗೆ ಮುಖ್ಯಕಾರಣ. ಇದನ್ನು ನಾಲ್ಕು ಗಾತ್ರಗಳಲ್ಲಿ ಮಾಡಿದರು. ಶ್ರುತಿಯೇನೋ ಪಾಶ್ಚಾತ್ಯರದೇ, ಮೇಜರ್ ಶ್ರೇಣಿಯ ಏಳು ಸ್ವರಗಳಿಗೆ ಪ್ರತಿಮಧ್ಯಮವೊಂದನ್ನು ಕೂಡಿಸಿದರು. ಆದರೆ ಅನುನಾದಕದ ರಂಧ್ರಕ್ಕೆ ತೆಳುಪೊರೆಯನ್ನು ಅಂಟಿಸಿ ಝೇಂಕಾರವನ್ನು ಉಳಿಸಿಕೊಂಡರು. ನಾಲ್ಕು ಗಾತ್ರದ ವಾದ್ಯಗಳೂ ಬೇರೆ ಬೇರೆ ಧಾರೆಗಳನ್ನು ನುಡಿಸಿ ಒಂದರ ತೆರಪನ್ನು ಇನ್ನೊಂದು ತುಂಬುವ ಹೆಣಿಗೆಯನ್ನೂ ಉಳಿಸಿಕೊಂಡರು. ಎಂಬಿರಾದ ಕೃತಿಗಳನ್ನು ಇದರ ಮೇಲೆ ನುಡಿಸುವುದು ರೂಢಿಯಾಯಿತು. ಒಬ್ಬ ವಾದಕನ ಎರಡು ಕೈಗಳಲ್ಲಿದ್ದುದು ಇಲ್ಲಿ ಹಲವರಿಗೆ ಹಂಚಲ್ಪಟ್ಟಿತು.

ಕಲಿಂಬಾವನ್ನೂ ಈ ಮರಿಂಬಾವನ್ನೂ ಎದುರುಬದರಾಗಿ ಇಟ್ಟರೆ ಪ್ರಕೃತವಿಷಯ ಸ್ಪಷ್ಟವಾಗುವುದು. ಕಲಿಂಬಾಕ್ಕೆ ಎಂಬಿರಾದ ಮುಖಚ್ಛಾಯೆ ಇದೆ. ಮರಿಂಬಾಕ್ಕೆ ಅದು ಲೇಶವೂ ಇಲ್ಲ. ಶ್ರುತಿಯ ವಿಷಯದಲ್ಲಿ ಎರಡೂ ಸಮಾನವಾಗಿ ಪರಕೀಯವಾದವು. ಆದರೂ ಬೀರಾದಲ್ಲಿ ನುಡಿಸುವ ಕೃತಿಯ ಹೆಣಿಗೆಯನ್ನು ಮರಿಂಬಾ ಹೊತ್ತು ನಿಲ್ಲಬಲ್ಲದು. ಕಲಿಂಬಾದ ಕೈಗೆ ಅದು ಸಹಜವಾಗಿ ಬಾರದು.

೫

ಪಶ್ಚಿಮ ಆಫ್ರಿಕದ ಕೋರಾ ವಾದ್ಯವನ್ನು ಅನುಸರಿಸಿದ ಗ್ರ್ಯಾವಿಕಾರ್ಡ್ ಈ ವಿಚಾರಕ್ಕೆ ಇನ್ನೊಂದು ಮಗ್ಗುಲನ್ನು ಒದಗಿಸುತ್ತದೆ. ಮಾಂಡಿಂಕಾ ಜನರ ವಂಶಪಾರಂಪರ್ಯದ ಗಾಯಕರಾದ ಜಾಲಿಗಳು ನುಡಿಸುವ ಕೋರಾಕ್ಕೆ ೨೧ ತಂತಿಗಳು. ದೊಡ್ಡ ಸೋರೆಬುರುಡೆಯ ಅರ್ಧಕ್ಕೆ ದನದ ಚರ್ಮವನ್ನು ಬಿಗಿದು, ನೀಳವಾದ ದಂಡವನ್ನು ತೂರಿಸಿ, ನೆಟ್ಟಗೆ ನಿಂತ ಕುದುರೆಯ ಎರಡು ಪಕ್ಕಗಳಲ್ಲಿ ತಂತಿಗಳನ್ನು ಹಾಯಿಸಿರುತ್ತಾರೆ. ಎರಡು ಹೆಬ್ಬೆರಳುಗಳು ಮತ್ತು ಎರಡು ತೋರುಬೆರಳುಗಳೇ ನುಡಿಸುವ ಸಾಧನಗಳು. ಅಮೆರಿಕದ ರಾಬರ್ಟ್ ಗ್ರಾವಿ ಎಂಬ ಶಿಲ್ಪಿ ೧೯೮೦ರ ದಶಕದಲ್ಲಿ ನಿರ್ಮಿಸಿದ ವಾದ್ಯದಲ್ಲಿ ಬುರುಡೆಯೂ ಇಲ್ಲ, ಚರ್ಮವೂ ಇಲ್ಲ. ತುಕ್ಕುಹಿಡಿಯದ ಉಕ್ಕಿನ ಕೊಳವೆಗಳನ್ನು ಬೆಸೆದ ಚೌಕಟ್ಟು, ೨೪ ನೈಲಾನ್ ತಂತಿಗಳು, ಕುದುರೆಯೊಳಗೆ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಉಪಕರಣ, ಇಷ್ಟೇ. ಕೋರಾವನ್ನು ಬಲ್ಲವನು ದೂರದಿಂದ ನೋಡಿ ಇದನ್ನು ಅದರ ಬಂಧುವೆಂದು ಗುರುತಿಸಲಾರನು. ಕೈಯಲ್ಲಿ ಹಿಡಿದರೆ ಗುರುತಿಸುವನು. ಹಿಡಿಕೆಗಳೂ, ತಂತಿಗಳ ಎರಡು ಪಂಕ್ತಿಗಳೂ, ಬೆರಳುಗಳ ಕಾರ್ಯವಿಭಾಗವೂ ಅವನಿಗೆ ಪರಿಚಿತವಾದವು. ದ್ರವ್ಯವು ಪೂರ್ತಿ ಬದಲಾಗಿಯೂ ಕೈಯ ಸಂಸ್ಕಾರ ಉಳಿದುದಕ್ಕೆ ಇದು ನಿದರ್ಶನ. ಜಾಲಿಗಳ ವಂಶಗಾಥೆಗಳು ಮಾತ್ರ ಈ ವಾದ್ಯದೊಡನೆ ಪ್ರಯಾಣ ಮಾಡಲಿಲ್ಲ.

ಈ ವಾದವನ್ನು ಅದರ ಎಲ್ಲೆಯವರೆಗೆ ಒಯ್ದು ನೋಡಬಹುದು. ಜಿಂಬಾಬ್ವೆಯ ಥಾಮಸ್ ಮಪ್ಫುಮೋ ಅವರ ಗೀತಗಳಲ್ಲಿ ೧೯೭೦ರ ದಶಕದಿಂದ ಜೋಶುವಾ ಹ್ಲೊಮಾಯಿ ಡ್ಯೂಬೆ, ಜೋನಾ ಸಿಥೋಲೆ ಮೊದಲಾದ ವಾದಕರು ಎಂಬಿರಾದ ಧಾರೆಗಳನ್ನು ವಿದ್ಯುತ್ ಗಿಟಾರಿನ ಮೇಲೆ ನುಡಿಸಿದರು. ತಂತಿಯ ಅನುರಣನವನ್ನು ಅಂಗೈಯಿಂದ ತಡೆದು, ಕಬ್ಬಿಣದ ನಾಲಗೆಯ ಮೊಟಕುಧ್ವನಿಯನ್ನು ಅದರಿಂದ ಹೊರಡಿಸಿದರು. ಇಲ್ಲಿ ಹೊಸ ವಾದ್ಯವನ್ನು ಕಟ್ಟಲೇ ಇಲ್ಲ; ಪರದೇಶದ ವಾದ್ಯವೇ ಎಂಬಿರಾದ ವ್ಯಾಕರಣಕ್ಕೆ ಒಳಪಟ್ಟಿತು. ದಕ್ಷಿಣ ಭಾರತದಲ್ಲಿ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಪಿಟೀಲಿಗೆ ಆದುದೂ ಇದೇ. ಅದರ ಶರೀರವನ್ನು ಯಾರೂ ತಿದ್ದಲಿಲ್ಲ; ಶ್ರುತಿ, ಹಿಡಿತ, ಗಮಕಗಳನ್ನು ತಿದ್ದಿದರು. ಇಂದು ಅದನ್ನು ಕರ್ಣಾಟಕಸಂಗೀತದ ವಾದ್ಯವಲ್ಲವೆನ್ನುವವರಿಲ್ಲ.

೬

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಪರಂಪರೆಯ ವಾದ್ಯವನ್ನು ಮುಟ್ಟಲೇಬಾರದು, ಯಾವ ವ್ಯತ್ಯಾಸವೂ ಅಪಚಾರವೇ ಎಂಬುದು ಒಂದು. ಇದು ನಿಲ್ಲಲಾರದು. ಎಂಬಿರಾಕಾರರೇ ಅದಿರಿನಿಂದ ಕರಗಿಸಿದ ಕಬ್ಬಿಣವನ್ನು ಬಿಟ್ಟು ಉಕ್ಕಿನ ತಂತಿಯನ್ನು ಬಡಿದು ನಾಲಗೆ ಮಾಡಿದರು. ಚಿಪ್ಪಿನ ಸ್ಥಳದಲ್ಲಿ ಸೀಸೆಯ ಮುಚ್ಚಳವನ್ನು ಕಟ್ಟಿದರು. ನಾಲಗೆಗಳ ಸಂಖ್ಯೆಯನ್ನು ಹೆಚ್ಚಿಸಿದರು. ಒಂಬತ್ತು ನಾಲಗೆಗಳಿಂದ ಇಪ್ಪತ್ತೆಂಟರವರೆಗೆ ಬೆಳೆದ ವಾದ್ಯವಂಶಕ್ಕೆ ಬದಲಾವಣೆಯೇ ನಿಷಿದ್ಧವೆನ್ನುವುದು ಅದರ ಚರಿತ್ರೆಯನ್ನೇ ಅಲ್ಲಗಳೆದಂತೆ.

ನಾದಕ್ಕೆ ದೇಶಕಾಲಗಳಿಲ್ಲ, ಯಾರು ಯಾವ ವಾದ್ಯದಿಂದ ಏನನ್ನಾದರೂ ತೆಗೆದುಕೊಳ್ಳಬಹುದು, ವಿಚಾರಿಸುವುದೇತಕ್ಕೆ ಎಂಬುದು ಇನ್ನೊಂದು. ತೆಗೆದುಕೊಳ್ಳುವುದನ್ನು ತಡೆಯುವುದು ವಿಮರ್ಶೆಯ ಕಾರ್ಯವಲ್ಲ. ತೆಗೆದುಕೊಂಡುದು ಯಾವುದೆಂದು ಹೇಳುವುದು ಅದರ ಕಾರ್ಯ. ಇಂದು ಜಗತ್ತಿನ ಅಂಗಡಿಗಳಲ್ಲಿ ಕಲಿಂಬಾ ಎಂಬ ಹೆಸರು ಆ ಇಡೀ ಜಾತಿಗೆ ಸಲ್ಲುತ್ತಿದೆ. ಸಂತತಿಯ ಹೆಸರಿನಿಂದ ಪಿತಾಮಹನನ್ನು ಕರೆಯುವ ಈ ವಿಪರ್ಯಾಸದಲ್ಲಿ ಝೇಂಕಾರವು ದೋಷವೆಂದೂ, ಶೋನಾ ಶ್ರುತಿಯು ಅಪಶ್ರುತಿಯೆಂದೂ, ಪಿತೃಗಳ ವಾದ್ಯವು ಆಟಿಕೆಯ ಒರಟುರೂಪವೆಂದೂ ತಿಳಿಯುವ ಅಪಾಯವಿದೆ. ಜಿಂಬಾಬ್ವೆ ಮತ್ತು ಮಲಾವಿ ದೇಶಗಳ ಎಂಬಿರಾ ನಿರ್ಮಾಣಕಲೆಯನ್ನೂ ವಾದನಕಲೆಯನ್ನೂ ಯುನೆಸ್ಕೋ ಸಂಸ್ಥೆಯು ೨೦೨೦ರಲ್ಲಿ ಮಾನವಕುಲದ ಅಮೂರ್ತಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದುದರಿಂದ ಮಾತ್ರ ಈ ಅಪಾಯ ನೀಗದು. ಕೇಳುವ ಕಿವಿಗೆ ಭೇದಜ್ಞಾನ ಬರಬೇಕು.

ಆದುದರಿಂದ ಸಿದ್ಧಾಂತವಿಷ್ಟು. ಹಳೆಯ ವಾದ್ಯದಿಂದ ಹೊಸ ವಾದ್ಯವು ಹುಟ್ಟಿತೆಂದು ಹೇಳಬೇಕಾದರೆ, ಹಳೆಯದನ್ನು ಕಲಿತ ಕೈಗೆ ಹೊಸದರಲ್ಲಿ ದಾರಿ ಕಾಣಬೇಕು. ಹಳೆಯದಕ್ಕೆ ಪಳಗಿದ ಕಿವಿಗೆ ಹೊಸದರಲ್ಲಿ ಪರಿಚಿತವಾದ ಹೆಣಿಗೆ ಕೇಳಬೇಕು. ಈ ಪರೀಕ್ಷೆಯಲ್ಲಿ ನ್ಯುಂಗಾ-ನ್ಯುಂಗಾ ಪೂರ್ಣವಾಗಿ ತೇರ್ಗಡೆಯಾಗುತ್ತದೆ; ಮರಿಂಬಾ ಕಿವಿಯ ಮಟ್ಟಿಗೆ, ಗ್ರ್ಯಾವಿಕಾರ್ಡ್ ಕೈಯ ಮಟ್ಟಿಗೆ ತೇರ್ಗಡೆಯಾಗುತ್ತವೆ. ಕಲಿಂಬಾ ಸ್ವತಂತ್ರವಾದ ಮತ್ತೊಂದು ವಾದ್ಯವಾಗಿ ಗೌರವಕ್ಕೆ ಪಾತ್ರವಾದುದು. ಅದರ ಇಂಪಿಗೆ ಮನಸೋತವನು ಅಲ್ಲಿಯೇ ನಿಲ್ಲದೆ, ಸೋರೆಬುರುಡೆಯೊಳಗೆ ಝೇಂಕರಿಸುವ ಮೂಲದವರೆಗೆ ನಡೆದುಹೋದರೆ ಟ್ರೇಸಿಯವರ ಶ್ರಮವೂ ಸಾರ್ಥಕವಾಗುವುದು.